ಒಂದೇ ಸಿನಿಮಾ, ಬೇರೆ ಬೇರೆ ಕಣ್ಣೀರು: ‘ಸ್ಲಮ್‌ಡಾಗ್ ಮಿಲಿಯನೇರ್’ ನೋಡಿದವರ ಬಗ್ಗೆ

2009ರ ಜನವರಿ 23ರಂದು ‘ಸ್ಲಮ್‌ಡಾಗ್ ಮಿಲಿಯನೇರ್’ ಭಾರತದಲ್ಲಿ ಬಿಡುಗಡೆಯಾಯಿತು. ಹಿಂದಿಗೆ ಡಬ್ ಆದ ಪ್ರತಿಯ ಹೆಸರು ‘ಸ್ಲಮ್‌ಡಾಗ್ ಕರೋಡ್‌ಪತಿ’. ನಾನು ನೋಡಿದ್ದು ಹಿಂದಿಯದ್ದನ್ನೇ, ಮುಂಬಯಿಯ ಒಂದು ಸಾದಾ ಥಿಯೇಟರಿನಲ್ಲಿ, ನಮ್ಮ ಚಾಳಿನ ನಾಲ್ಕಾರು ಮಂದಿಯ ಜೊತೆ. ಅವರಲ್ಲಿ ಕಲಬುರಗಿ ಕಡೆಯ ಒಬ್ಬ ಚಾಚಾ ಇದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮುಂಬಯಿಯಲ್ಲಿ ದುಡಿದವರು.

ಅಮಿತಾಭ್ ಬಚ್ಚನ್ ಆಟೋಗ್ರಾಫಿಗಾಗಿ ಪುಟ್ಟ ಜಮಾಲ್ ಪಾಯಿಖಾನೆ ಗುಂಡಿಗೆ ಹಾರುವ ದೃಶ್ಯಕ್ಕೆ ಥಿಯೇಟರ್ ತುಂಬಾ ನಗು. ಚಾಚಾನೂ ಹೊಟ್ಟೆ ಹಿಡಿದು ನಕ್ಕರು. ಸ್ವಲ್ಪ ಹೊತ್ತಿಗೆ ಗಲಭೆಯ ದೃಶ್ಯ ಬಂತು. ಹೆಂಗಸರು ನೀರಿನ ಬಳಿ ಬಟ್ಟೆ ಒಗೆಯುತ್ತಿದ್ದಾರೆ, ದೊಣ್ಣೆ ಹಿಡಿದ ಗುಂಪು ಓಡಿ ಬರುತ್ತದೆ, ಜಮಾಲ್ ಮತ್ತು ಸಲೀಮರ ತಾಯಿ ಏಟು ತಿಂದು ನೀರಿಗೆ ಬೀಳುತ್ತಾಳೆ. ಚಾಚಾ ಎದ್ದು ಹೊರಗೆ ಹೋದರು. ಚಾ ಕುಡಿಯೋಕೆ ಇರಬೇಕು ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು ಬಾಗಿಲ ಪರದೆ ಸರಿಸಿ ಬಂದವರು, ಕೂರುವ ಮೊದಲು ಬಗ್ಗಿ ಕೇಳಿದ್ದು ಒಂದೇ ಮಾತು: “ಅದು ಮುಗೀತೇನಪಾ?”

ಆಮೇಲೆ ಕೊನೆಯವರೆಗೂ ಕೂತಿದ್ದರು. ‘ಜೈ ಹೋ’ ಹಾಡಿಗೆ ಎಲ್ಲರಂತೆ ಚಪ್ಪಾಳೆಯನ್ನೂ ತಟ್ಟಿದರು. ಬಸ್ಸಿನಲ್ಲಿ ವಾಪಸು ಬರುವಾಗ “ಹುಡುಗ ಗೆದ್ದ, ಛಲೋ ಆತು” ಅಂದರು. ಎದ್ದು ಹೋಗಿದ್ದರ ಬಗ್ಗೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದೇ ಸಿನಿಮಾ ಒಬ್ಬರನ್ನು ಅಳಿಸುತ್ತದೆ, ಒಬ್ಬರನ್ನು ಕುಣಿಸುತ್ತದೆ, ಮತ್ತೊಬ್ಬರನ್ನು ಅವಮಾನಕ್ಕೆ ತಳ್ಳುತ್ತದೆ. ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಈ ಸಿನಿಮಾಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹದಿನೈದು ವರ್ಷದ ಮೇಲಾಯಿತು, ಆ ಗದ್ದಲವೆಲ್ಲ ತಣ್ಣಗಾಗಿದೆ. ಈಗ ಸಮಾಧಾನದಿಂದ ನೋಡಬಹುದು.

ಕಥೆ ಇಷ್ಟು

ನೋಡದ ವಿದ್ಯಾರ್ಥಿಗಳಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಜಮಾಲ್ ಮಲಿಕ್ ಮುಂಬಯಿಯ ಜುಹು ಕೊಳೆಗೇರಿಯಲ್ಲಿ ಹುಟ್ಟಿದವನು, ಕಾಲ್ ಸೆಂಟರಿನಲ್ಲಿ ಚಾ ಕೊಡುವ ಹುಡುಗ. ‘ಕೌನ್ ಬನೇಗಾ ಕರೋಡ್‌ಪತಿ’ಯಂಥ ಶೋನಲ್ಲಿ ಎರಡು ಕೋಟಿ ರೂಪಾಯಿಗೆ ಇನ್ನೊಂದೇ ಪ್ರಶ್ನೆ ಬಾಕಿ ಇರುವಾಗ ಪೊಲೀಸರು ಅವನನ್ನು ಹಿಡಿದು, ನೇತುಹಾಕಿ, ಕರೆಂಟ್ ಶಾಕ್ ಕೊಡುತ್ತಾರೆ. ಕೊಳೆಗೇರಿಯವನಿಗೆ ಇಷ್ಟೆಲ್ಲ ಉತ್ತರ ಗೊತ್ತಿರಲು ಸಾಧ್ಯವೇ ಇಲ್ಲ, ಮೋಸ ಮಾಡಿರಲೇಬೇಕು ಎನ್ನುವುದು ಅವರ ವಾದ. ಒಂದೊಂದು ಉತ್ತರ ತನಗೆ ಹೇಗೆ ಗೊತ್ತಾಯಿತು ಎಂದು ಅವನು ಹೇಳುತ್ತಾ ಹೋಗುತ್ತಾನೆ. ಪ್ರತಿ ಉತ್ತರದ ಹಿಂದೆ ಒಂದು ಗಾಯ ಇದೆ: ತಾಯಿಯ ಸಾವು, ಭಿಕ್ಷೆ ಬೇಡಿಸುವವರ ಕೈಗೆ ಸಿಕ್ಕದ್ದು, ಹಾಡುವ ಹುಡುಗನ ಕಣ್ಣು ಸುಟ್ಟು ಕುರುಡು ಮಾಡಿದ್ದು, ಗೆಳತಿ ಲತಿಕಾಳನ್ನು ಕಳೆದುಕೊಂಡದ್ದು, ಅಣ್ಣ ಸಲೀಮ್ ಗೂಂಡಾಗಳ ದಾರಿ ಹಿಡಿದದ್ದು. ಕೊನೆಗೆ ಜಮಾಲ್ ಗೆಲ್ಲುತ್ತಾನೆ, ಲತಿಕಾ ಸಿಗುತ್ತಾಳೆ, ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರೂ ಕುಣಿಯುತ್ತಾರೆ.

ನಿರ್ದೇಶಕ ಬ್ರಿಟನ್ನಿನ ಡ್ಯಾನಿ ಬಾಯ್ಲ್, ಭಾರತದಲ್ಲಿ ಸಹನಿರ್ದೇಶಕಿಯಾಗಿ ದುಡಿದವರು ಲವ್‌ಲೀನ್ ಟಂಡನ್. ಮೂಲ, ವಿಕಾಸ್ ಸ್ವರೂಪರ 2005ರ ಇಂಗ್ಲಿಷ್ ಕಾದಂಬರಿ. ಸುಮಾರು 1.5 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಲೋಕದ ತುಂಬ ಓಡಿ 37 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, 8 ಆಸ್ಕರ್ ಗೆದ್ದಿತು.

ಹೊರಗಿನವರ ಚಪ್ಪಾಳೆ

2008ರ ಟೊರೊಂಟೊ ಚಿತ್ರೋತ್ಸವದಲ್ಲಿ, ಪ್ರೇಕ್ಷಕರೇ ಮತ ಹಾಕಿ ಕೊಡುವ ಪ್ರಶಸ್ತಿ ಇದಕ್ಕೆ ಬಂತು. ಬ್ರಿಟನ್ನಿನಲ್ಲಿ, ಇದು ಈ ದಶಕದಲ್ಲೇ ಮನಸ್ಸಿಗೆ ಅತ್ಯಂತ ಹಿತ ಕೊಡುವ ಚಿತ್ರ ಎನ್ನುವ ಅರ್ಥದ ಪೋಸ್ಟರು ಹಾಕಿದರು. ಬಣ್ಣಬಣ್ಣದ ಆ ಪೋಸ್ಟರು ನೋಡಿ ಒಳಗೆ ಹೋದವರಿಗೆ ಮೊದಲು ಕಾಣುವುದು ಪೊಲೀಸ್ ಠಾಣೆಯ ಚಿತ್ರಹಿಂಸೆ. ಇದೆಂಥ ಹಿತ ಎಂದು ಅಲ್ಲಿನವರೇ ಕೆಲವರು ಕೇಳಿದ್ದುಂಟು.

ಆದರೂ ಹೊರಬರುವಾಗ ಬಹಳ ಜನ ಹಗುರಾಗಿಯೇ ಬಂದರು. ಅದರಲ್ಲಿ ಮೋಸವೇನೂ ಇಲ್ಲ. ಸಿನಿಮಾ ಕಟ್ಟಿರುವ ರೀತಿಯೇ ಹಾಗಿದೆ. ಪ್ರತಿ ಕ್ರೌರ್ಯವೂ ಒಂದು ಸರಿಯುತ್ತರವಾಗಿ ಬದಲಾಗುತ್ತದೆ. ತಾಯಿ ಸತ್ತಳು, ಪ್ರಶ್ನೆಯ ದುಡ್ಡು ಬಂತು. ಗೆಳೆಯ ಕುರುಡನಾದ, ಇನ್ನೊಂದು ಪ್ರಶ್ನೆಯ ದುಡ್ಡು ಬಂತು. ನೋಡುವವನ ಮನಸ್ಸಿನಲ್ಲಿ ಲೆಕ್ಕ ಚುಕ್ತಾ ಆಗುತ್ತಾ ಹೋಗುತ್ತದೆ. ಯಾವ ನೋವೂ ಬಾಕಿ ಉಳಿಯುವುದಿಲ್ಲ. ನಿಜ ಜೀವನದಲ್ಲಿ ಹೀಗೆ ಆಗದು ಅಂತ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಪರದೆಯ ಮೇಲೆ ಆದಾಗ ಅಷ್ಟು ಹಿತ ಅನಿಸುತ್ತದೆ.

ಚಿತ್ರದಲ್ಲೇ ಇದಕ್ಕೊಂದು ಕನ್ನಡಿ ಇದೆ. ತಾಜಮಹಲಿನ ಬಳಿ ಜಮಾಲ್ ಸುಳ್ಳು ಗೈಡ್ ಆಗಿ ಅಮೆರಿಕದ ದಂಪತಿಯನ್ನು ಸುತ್ತಾಡಿಸುತ್ತಾನೆ. ಅಷ್ಟರಲ್ಲಿ ಪುಂಡ ಹುಡುಗರು ಅವರ ಕಾರಿನ ಚಕ್ರವನ್ನೇ ಬಿಚ್ಚಿರುತ್ತಾರೆ, ಡ್ರೈವರ್ ಜಮಾಲನನ್ನು ಒದೆಯುತ್ತಾನೆ. ನಿಜವಾದ ಭಾರತ ನೋಡಬೇಕು ಅಂತಿದ್ರಲ್ಲ, ಇದೇ ಅದು ಎನ್ನುತ್ತಾನೆ ಹುಡುಗ. ಹಾಗಾದರೆ ನಿಜವಾದ ಅಮೆರಿಕವನ್ನೂ ನೋಡು ಎಂದು ಹೆಂಗಸು ಅವನ ಕೈಗೆ ದುಡ್ಡು ಇಡಿಸುತ್ತಾಳೆ. ಥಿಯೇಟರಿನಲ್ಲಿ ಅತ್ತು, ಹೊರಗೆ ಬಂದು ಹಗುರಾಗುವ ಪ್ರೇಕ್ಷಕನೂ ಮಾಡುವುದು ಇದನ್ನೇ ಅಲ್ಲವೇ? ನೂರು ಡಾಲರಿನ ನೋಟು ಮುಂದೆ ಜಮಾಲನ ಕೈಯಿಂದ ಆ ಕುರುಡ ಹುಡುಗನಿಗೆ ಸೇರುತ್ತದೆ. ಆದರೆ ಆ ಹುಡುಗನ ಕಣ್ಣು ವಾಪಸು ಬರುವುದಿಲ್ಲ.

ಒಳಗಿನವರ ಸಿಟ್ಟು

ನಮ್ಮ ದೇಶದಲ್ಲಿ ಬಂದ ಸಿಟ್ಟು ಒಂದೇ ಬಗೆಯದಲ್ಲ. ಎರಡನ್ನೂ ಬೇರೆ ಮಾಡಿ ನೋಡಬೇಕು.

ಮೊದಲನೆಯದು, ದೇಶದ ಮಾನ ಹೋಯಿತು ಎನ್ನುವವರ ಸಿಟ್ಟು. ನಮ್ಮ ಕೊಳಕನ್ನು ಬಿಳಿಯರಿಗೆ ತೋರಿಸಿ ಪ್ರಶಸ್ತಿ ಹೊಡೆದರು ಎಂಬ ಮಾತು. ಅಮಿತಾಭ್ ಬಚ್ಚನ್ ಕೂಡ, ಮುಂದುವರಿದ ದೇಶಗಳಲ್ಲೂ ಇಂಥ ಕತ್ತಲೆ ಇದೆಯಲ್ಲ ಎಂಬ ಅರ್ಥದಲ್ಲಿ ಬರೆದು, ಅದು ದೊಡ್ಡ ಸುದ್ದಿಯಾದ ಮೇಲೆ ತಾನು ಓದುಗರ ಅಭಿಪ್ರಾಯವನ್ನಷ್ಟೇ ಮುಂದಿಟ್ಟದ್ದು ಎಂದರು. ಈ ದೂರು ಹೊಸದೇನಲ್ಲ. 1980ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ನಟಿ ನರ್ಗಿಸ್, ಸತ್ಯಜಿತ್ ರಾಯ್ ಭಾರತದ ಬಡತನವನ್ನು ಹೊರದೇಶಕ್ಕೆ ರಫ್ತು ಮಾಡುತ್ತಿದ್ದಾರೆ ಎಂದು ಆಕ್ಷೇಪಿಸಿದ್ದರು. ಅಣೆಕಟ್ಟುಗಳಂಥ ಆಧುನಿಕ ಭಾರತವನ್ನು ತೋರಿಸಬೇಕು ಎನ್ನುವುದು ಅವರ ವಾದ. ವಿಚಿತ್ರ ಎಂದರೆ, ನರ್ಗಿಸ್‌ಗೆ ಎಂದೂ ಅಳಿಯದ ಹೆಸರು ತಂದುಕೊಟ್ಟ 1957ರ ‘ಮದರ್ ಇಂಡಿಯಾ’ ಕೂಡ ಸಾಲ, ಬರ, ಹಸಿವಿನ ಕಥೆಯೇ.

ಎರಡನೆಯದು ಕೊಳೆಗೇರಿಯವರದೇ ಸಿಟ್ಟು. ಅವರು ದೇಶದ ಮಾನದ ಬಗ್ಗೆ ಮಾತಾಡಲಿಲ್ಲ, ತಮ್ಮ ಮಾನದ ಬಗ್ಗೆ ಮಾತಾಡಿದರು. ಮುಂಬಯಿಯಲ್ಲಿ ನಟ ಅನಿಲ್ ಕಪೂರ್ ಮನೆಯ ಮುಂದೆ, ನಮ್ಮನ್ನು ನಾಯಿ ಅನ್ನಬೇಡಿ ಎಂದು ಫಲಕ ಹಿಡಿದು ನಿಂತರು. ಪಟ್ನಾದಲ್ಲಿ ಥಿಯೇಟರಿಗೆ ನುಗ್ಗಿ ಪೋಸ್ಟರ್ ಹರಿದರು. ‘ಸ್ಲಮ್‌ಡಾಗ್’ ಎನ್ನುವ ಪದ ಮೂಲ ಕಾದಂಬರಿಯ ಹೆಸರಿನಲ್ಲಿ ಇರಲಿಲ್ಲ, ಸಿನಿಮಾದವರು ಇಟ್ಟದ್ದು. ಒಲವಿನಿಂದ ಇಟ್ಟ ಹೆಸರು ಅದು ಎಂದು ಅವರು ಸಮಜಾಯಿಷಿ ಕೊಟ್ಟರು. ಆದರೆ ನಮ್ಮ ಬಸ್ತಿಗಳಲ್ಲಿ ಯಾರನ್ನಾದರೂ ‘ಕುತ್ತಾ’ ಎಂದರೆ ಅದರಲ್ಲಿ ಒಲವು ಹುಡುಕುವವರು ಯಾರೂ ಇಲ್ಲ.

ಇದರ ಜೊತೆ ಇನ್ನೊಂದು ಬೇಸರವೂ ಇತ್ತು. ಧಾರಾವಿಗೆ ಹೋಗಿ ನೋಡಿ. ಚರ್ಮದ ಬ್ಯಾಗು ಹೊಲಿಯುವವರು, ಕುಂಬಾರವಾಡದಲ್ಲಿ ಮಡಕೆ ಸುಡುವವರು, ಪ್ಲಾಸ್ಟಿಕ್ ಆರಿಸಿ ಕರಗಿಸುವವರು, ಹಪ್ಪಳ ಒಣಗಿಸುವ ಹೆಂಗಸರು. ಬೆಳಗಾಗುವುದಕ್ಕೆ ಮುಂಚೆ ಏಳುವ ಜಾಗ ಅದು. ಸಿನಿಮಾದಲ್ಲಿ ಜಮಾಲ್ ಚಾ ಮಾರುತ್ತಾನೆ ನಿಜ, ಆದರೆ ಬಸ್ತಿಯ ಈ ದುಡಿಮೆ ಹೆಚ್ಚೇನೂ ಕಾಣುವುದಿಲ್ಲ. ಕಾಣುವುದು ಕಸ, ಗುಂಡಿ, ಗೂಂಡಾ. ಅರುಂಧತಿ ರಾಯ್ ಆಗ ಬರೆದ ಲೇಖನದಲ್ಲಿ ಎತ್ತಿದ ಮಾತು ಇಲ್ಲಿ ನೆನಪಾಗುತ್ತದೆ: ಈ ಚಿತ್ರದಲ್ಲಿ ಬಡತನ ಎಂಬುದು ಬೆಟ್ಟ, ಮರುಭೂಮಿಯ ಹಾಗೆ ದೇವರು ಇಟ್ಟ ನೋಟವಾಗಿಬಿಟ್ಟಿದೆ, ಮನುಷ್ಯರು ಮಾಡಿದ್ದು ಎನ್ನುವುದು ಮರೆಯಾಗಿದೆ.

ಯಾರೂ ಜಗಳವಾಡದ ದೃಶ್ಯ

ಈಗ ಚಾಚಾ ಎದ್ದು ಹೋದ ಜಾಗಕ್ಕೆ ಬರೋಣ. ನಾಯಿ ಎಂಬ ಪದಕ್ಕೆ ಜಗಳವಾಯಿತು, ಪಾಯಿಖಾನೆ ಗುಂಡಿಗೆ ಜಗಳವಾಯಿತು, ದೇಶದ ಹೆಸರಿಗೆ ಜಗಳವಾಯಿತು. ಆ ತಾಯಿ ಯಾಕೆ ಸತ್ತಳು ಎಂಬುದರ ಬಗ್ಗೆ ಅಷ್ಟು ಮಾತು ನಡೆದದ್ದು ನನಗೆ ಕಂಡಿಲ್ಲ.

ಕಾದಂಬರಿಯ ನಾಯಕನ ಹೆಸರು ರಾಮ್ ಮೊಹಮ್ಮದ್ ಥಾಮಸ್. ಮೂರು ಧರ್ಮದ ಹೆಸರೂ ಒಬ್ಬನಲ್ಲೇ. ಸಿನಿಮಾದಲ್ಲಿ ಅವನು ಜಮಾಲ್ ಮಲಿಕ್ ಆದ. ಹೀಗೆ ಲೋಕವೇ ಮೆಚ್ಚಿದ ಆ ಬಡ ಹುಡುಗ ಒಬ್ಬ ಮುಸ್ಲಿಂ ಹುಡುಗ, ಗಲಭೆಯಲ್ಲಿ ತಾಯಿ ಕಳೆದುಕೊಂಡ ಅನಾಥ. ಅವನ ವಯಸ್ಸಿನ ಲೆಕ್ಕ ಹಾಕಿದರೆ ಅದು 1992ರ ಡಿಸೆಂಬರ್ ಮತ್ತು 1993ರ ಜನವರಿಯ ಮುಂಬಯಿ. ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗದ ವರದಿಯ ಪ್ರಕಾರ ಆ ಎರಡು ತಿಂಗಳ ಗಲಭೆಯಲ್ಲಿ ಸತ್ತವರು 900 ಜನ. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಸಿನಿಮಾದಲ್ಲಿ ಇದು ಕೆಲವೇ ನಿಮಿಷ. ತಾಯಿ ಬೀಳುತ್ತಾಳೆ, ಮಕ್ಕಳು ಓಡುತ್ತಾರೆ, ಕಥೆಯೂ ಓಡುತ್ತದೆ. ಹಿಂದೆ ತಿರುಗಿ ನೋಡುವುದಿಲ್ಲ.

ಆ ದೃಶ್ಯದಿಂದ ಹುಟ್ಟುವ ಪ್ರಶ್ನೆ ಏನು ಗೊತ್ತೇ? ಶ್ರೀರಾಮನ ಬಲಗೈಯಲ್ಲಿ ಏನಿರುತ್ತದೆ? ಬಿಲ್ಲು ಬಾಣ. ಜಮಾಲನಿಗೆ ಉತ್ತರ ಗೊತ್ತಾದದ್ದು ಆ ಗಲಭೆಯ ನಡುವೆ ರಾಮನ ವೇಷದ ಮಗುವೊಂದನ್ನು ಕಂಡದ್ದರಿಂದ. ರಾಮ, ಅಲ್ಲಾಹ್ ಎನ್ನುವ ಹೆಸರಿನ ಜಗಳ ಇಲ್ಲದಿದ್ದರೆ ತನಗೆ ಇನ್ನೂ ತಾಯಿ ಇರುತ್ತಿದ್ದಳು ಎಂಬರ್ಥದ ಮಾತನ್ನು ಅವನು ಪೊಲೀಸರಿಗೆ ಹೇಳುತ್ತಾನೆ. ಆ ಮಾತು ಎದೆಗೆ ನಾಟುತ್ತದೆ. ಆದರೆ ಇಡೀ ಸಿನಿಮಾದಲ್ಲಿ ನನಗೆ ಅತಿ ಸುಳ್ಳು ಅನಿಸಿದ್ದೂ ಈ ಜಾಗವೇ.

ಮುಂಬಯಿಯ ಮುಸ್ಲಿಂ ಹುಡುಗನಿಗೆ ರಾಮನ ಬಿಲ್ಲು ಗೊತ್ತಾಗಲು ಗಲಭೆಯೇ ಆಗಬೇಕೆ? 1987-88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ರಾಮಾಯಣ’ ಬರುತ್ತಿತ್ತು. ಟಿವಿ ಇದ್ದ ಒಂದೇ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅದರಲ್ಲಿ ನಮ್ಮ ಚಪ್ಪಲಿಯೂ ಇರುತ್ತಿತ್ತು. ಕಡ್ಡಿ ಬಗ್ಗಿಸಿ, ದಾರ ಕಟ್ಟಿ ನಾವೂ ಬಿಲ್ಲು ಮಾಡಿಕೊಂಡು ಆಡಿದವರೇ. ನಮ್ಮ ಓಣಿಯ ಅಮ್ಮಂದಿರು ಸೀತೆಯ ಕಷ್ಟಕ್ಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಕದವರ ದೇವರನ್ನು ಪಕ್ಕದವರ ಮನೆಯಲ್ಲೇ ಅರಿತವರು ನಾವು. ದೂರದಿಂದ ಬಂದು ಸಿನಿಮಾ ಮಾಡಿದವರಿಗೆ ಗಲಭೆ ಕಂಡಿತು, ಆ ಚಪ್ಪಲಿಗಳ ರಾಶಿ ಕಾಣಲಿಲ್ಲ. ಆ ರಾಶಿ ಗೊತ್ತಿರುವವನಿಗೇ, ಗಲಭೆಯಲ್ಲಿ ಕಳೆದುಹೋದದ್ದು ಎಷ್ಟು ಎಂದು ಅರ್ಥವಾಗುವುದು.

ಹೆಮ್ಮೆ ಮತ್ತು ಮುಜುಗರ

ನಮ್ಮ ಸಮುದಾಯದ ಪ್ರತಿಕ್ರಿಯೆಯೂ ಇಬ್ಬಗೆಯದಾಗಿತ್ತು. ಎ.ಆರ್. ರೆಹಮಾನ್ ಎರಡು ಆಸ್ಕರ್ ಪಡೆದರು, ಒಂದನ್ನು ಗುಲ್ಜಾರ್ ಜೊತೆ ಹಂಚಿಕೊಂಡು. ಆ ವೇದಿಕೆಯಲ್ಲಿ ತಮಿಳಿನಲ್ಲಿ ದೇವರಿಗೆ ಸ್ತುತಿ ಹೇಳಿ, ದ್ವೇಷ ಮತ್ತು ಪ್ರೀತಿಯ ನಡುವೆ ತಾನು ಪ್ರೀತಿಯನ್ನು ಆರಿಸಿಕೊಂಡೆ ಎಂದರು. ಶಬ್ದಗ್ರಹಣಕ್ಕೆ ಪ್ರಶಸ್ತಿ ಹಂಚಿಕೊಂಡ ಕೇರಳದ ರಸೂಲ್ ಪೂಕುಟ್ಟಿ, ಓಂಕಾರವನ್ನು ಲೋಕಕ್ಕೆ ಕೊಟ್ಟ ನಾಡಿನಿಂದ ಬಂದವನು ತಾನು ಎಂದರು. ಮರುದಿನ ಚಾದಂಗಡಿಗಳಲ್ಲಿ ಹೆಮ್ಮೆಯೋ ಹೆಮ್ಮೆ.

ಮುಜುಗರ ಸಲೀಮನ ಪಾತ್ರದ್ದು. ಅಣ್ಣ ಸಲೀಮ್ ಬಂದೂಕು ಹಿಡಿದವನು, ನಮಾಜೂ ಮಾಡುತ್ತಾನೆ, ಪಾಪ ಮಾಡಿದೆ ಎಂದು ದೇವರಲ್ಲಿ ಕ್ಷಮೆಯನ್ನೂ ಕೇಳುತ್ತಾನೆ. ಕೊನೆಗೆ ನೋಟು ತುಂಬಿದ ಸ್ನಾನದ ತೊಟ್ಟಿಯಲ್ಲಿ ಗುಂಡು ತಿಂದು ಸಾಯುತ್ತಾನೆ. ಇಡೀ ಚಿತ್ರದಲ್ಲಿ ನಮಾಜಿನ ಚಾಪೆಯ ಮೇಲೆ ಕಾಣುವವನು ಗೂಂಡಾ. ಒಳ್ಳೆಯವನಾದ ಜಮಾಲನಿಗೆ ಹೆಸರು ಬಿಟ್ಟರೆ ಧರ್ಮದ ಗುರುತು ಹೆಚ್ಚೇನಿಲ್ಲ. “ನಮಾಜ್ ಮಾಡೋನು ಅಂದ್ರೆ ಇವನೇ ಸಿಕ್ಕನಾ?” ಎಂದು ಅವತ್ತು ಬಸ್ಸಿನಲ್ಲೇ ಒಬ್ಬ ಹುಡುಗ ಗೊಣಗಿದ್ದ. ಗೊಣಗಾಟದಲ್ಲಿ ಸತ್ಯ ಇದೆ.

ಸಲೀಮ್ ಎನ್ನುವ ಹೆಸರೇ ಇನ್ನಿಬ್ಬರನ್ನು ನೆನಪಿಸುತ್ತದೆ. ಸಯೀದ್ ಅಖ್ತರ್ ಮಿರ್ಜಾ ಅವರ 1989ರ ‘ಸಲೀಮ್ ಲಂಗಡೇ ಪೆ ಮತ್ ರೋ’ ಚಿತ್ರದ ಸಲೀಮನೂ ಮುಂಬಯಿಯ ಗಲ್ಲಿಯ ಪುಂಡ. ಆದರೆ ಅವನು ಯಾಕೆ ಹಾಗಾದ, ಬದಲಾಗಲು ಹೊರಟರೆ ಯಾವ ಯಾವ ಬಾಗಿಲು ಮುಚ್ಚಿರುತ್ತದೆ ಎಂದು ಆ ಚಿತ್ರ ನಿಧಾನವಾಗಿ ತೋರಿಸುತ್ತದೆ.

ಇನ್ನೊಬ್ಬ, ನಮ್ಮ ಮೈಸೂರಿನ ಎಂ.ಎಸ್. ಸತ್ಯು ನಿರ್ದೇಶಿಸಿದ 1973ರ ‘ಗರ್ಮ್ ಹವಾ’ದ ಸಲೀಮ್ ಮಿರ್ಜಾ. ಬಲರಾಜ್ ಸಾಹ್ನಿ ಮಾಡಿದ ಪಾತ್ರ. ದೇಶ ವಿಭಜನೆಯ ನಂತರದ ಆಗ್ರಾ, ಚಪ್ಪಲಿ ಕಾರ್ಖಾನೆ ನಡೆಸುವ ಕುಟುಂಬ. ಸಾಲ ಹುಟ್ಟುವುದಿಲ್ಲ, ಮನೆ ಕೈತಪ್ಪುತ್ತದೆ, ಮಗಳು ಜೀವ ಕಳೆದುಕೊಳ್ಳುತ್ತಾಳೆ, ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೋಗುತ್ತಾರೆ. ಇದನ್ನು ತೋರಿಸಿದರೆ ಗಲಭೆಯಾದೀತು ಎಂದು ಹೆದರಿ ಚಿತ್ರವನ್ನು ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ತಡೆದಿದ್ದರು. ಕೊನೆಗೆ ಅವನೂ ಗಂಟುಮೂಟೆ ಕಟ್ಟಿ ಟಾಂಗಾ ಹತ್ತಿದಾಗ ದಾರಿಯಲ್ಲಿ ಒಂದು ಮೆರವಣಿಗೆ ಎದುರಾಗುತ್ತದೆ, ಕೆಲಸ ಕೇಳುವವರ ಮೆರವಣಿಗೆ. ಮಗ ಇಳಿದು ಸೇರುತ್ತಾನೆ, ಆಮೇಲೆ ತಂದೆಯೂ ಇಳಿಯುತ್ತಾನೆ.

ಅದೂ ಕರುಳು ಹಿಂಡಿ, ಕೊನೆಗೆ ಎದೆ ತುಂಬಿಸುವ ಸಿನಿಮಾವೇ. ವ್ಯತ್ಯಾಸ ಎಲ್ಲಿದೆ ಎಂದರೆ, ಜಮಾಲನಿಗೆ ಸಿಗುವುದು ಎರಡು ಕೋಟಿ, ಅವನೊಬ್ಬನಿಗೆ. ಸಲೀಮ್ ಮಿರ್ಜಾಗೆ ಒಂದು ಪೈಸೆಯೂ ಸಿಗುವುದಿಲ್ಲ, ಸಿಗುವುದು ಜೊತೆಗಾರರು. ಒಂದು ಚಿತ್ರ ನೋಡಿ ಬಂದವನು ತನಗೂ ಲಾಟರಿ ಹೊಡೆಯಲಿ ಎಂದುಕೊಳ್ಳುತ್ತಾನೆ. ಇನ್ನೊಂದು ನೋಡಿ ಬಂದವನು ತಾನೂ ಟಾಂಗಾದಿಂದ ಇಳಿಯಬೇಕಿತ್ತೇನೋ ಎಂದು ಯೋಚಿಸುತ್ತಾನೆ.

‘ಬರೆದಿತ್ತು’ ಎಂದರೆ ಸಾಕೇ?

ಸಿನಿಮಾ ಶುರುವಿನಲ್ಲೇ ಒಂದು ಪ್ರಶ್ನೆ ಕೇಳುತ್ತದೆ. ಜಮಾಲ್ ಹೇಗೆ ಗೆಲ್ಲುವ ಹಂತಕ್ಕೆ ಬಂದ? ಮೋಸದಿಂದಲೋ, ಅದೃಷ್ಟದಿಂದಲೋ, ಬುದ್ಧಿಯಿಂದಲೋ, ಅಥವಾ ಅದು ಹಣೆಯಲ್ಲಿ ಬರೆದಿತ್ತೋ? ಕೊನೆಗೆ ಕೊಡುವ ಉತ್ತರ, ಬರೆದಿತ್ತು. ನಮ್ಮವರಿಗೆ ಈ ಮಾತು ಬೇಗ ಹಿಡಿಸುತ್ತದೆ, ತಕ್ದೀರ್ ನಮಗೆ ಹೊಸತಲ್ಲ. ಆದರೆ ನಾವು ಕಲಿತ ತಕ್ದೀರ್ ಕೈಕಟ್ಟಿ ಕೂರಲು ಹೇಳುವುದಿಲ್ಲ. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ದೇವರ ಮೇಲೆ ಭಾರ ಹಾಕು ಎಂಬ ಹದೀಸಿನ ಪಾಠ ಮದರಸದ ಮಕ್ಕಳಿಗೂ ಗೊತ್ತು. ಉಳ್ಳವರ ಸಂಪತ್ತಿನಲ್ಲಿ ಬೇಡುವವನಿಗೂ, ಬೇಡದೆ ಸುಮ್ಮನಿರುವ ವಂಚಿತನಿಗೂ ಪಾಲಿದೆ ಎಂದು ಕುರ್‌ಆನ್ ಕಲಿಸುತ್ತದೆ. ಅದು ದಯೆ ಅಲ್ಲ, ಹಕ್. ಕಣ್ಣೀರು ಸುರಿಸಿದರೆ ಹಕ್ ತೀರುವುದಿಲ್ಲ.

ಈ ಸಿನಿಮಾದ ಮಕ್ಕಳ ಕಥೆಯೇ ಅದಕ್ಕೆ ಸಾಕ್ಷಿ. ಪುಟ್ಟ ಸಲೀಮ್ ಮತ್ತು ಪುಟ್ಟ ಲತಿಕಾ ಆಗಿ ನಟಿಸಿದ ಇಬ್ಬರೂ ಬಾಂದ್ರಾ ಸ್ಟೇಶನ್ ಪಕ್ಕದ ಗರೀಬ್ ನಗರದವರು. 2009ರ ಫೆಬ್ರವರಿಯಲ್ಲಿ ಆಸ್ಕರ್ ವೇದಿಕೆಯ ಮೇಲೆ ನಿಂತು ಬಂದರು. ಮೇ ತಿಂಗಳಲ್ಲಿ, ಅಕ್ರಮ ಜೋಪಡಿ ತೆರವು ಎಂದು ಇಬ್ಬರ ಮನೆಗಳೂ ನೆಲಸಮವಾದವು. ಚಿತ್ರತಂಡ ‘ಜೈ ಹೋ’ ಎಂಬ ಟ್ರಸ್ಟ್ ಮಾಡಿ ಓದಿಗೆ, ಮನೆಗೆ ಏರ್ಪಾಡು ಮಾಡಿತು, ಅದನ್ನು ಮರೆಯಬಾರದು. ಆದರೆ 2011ರ ಮಾರ್ಚಿನಲ್ಲಿ ಗರೀಬ್ ನಗರಕ್ಕೆ ಬೆಂಕಿ ಬಿದ್ದಾಗ ಆ ಹುಡುಗಿಯ ಮನೆಯೂ ಸುಟ್ಟುಹೋಯಿತು. ಅಕ್ಕಪಕ್ಕ ಸುಟ್ಟುಹೋದ ಉಳಿದ ಮನೆಗಳ ಮಕ್ಕಳು ಯಾವ ಸಿನಿಮಾದಲ್ಲೂ ನಟಿಸಿರಲಿಲ್ಲ. ಅವರ ಹೆಸರು ಪೇಪರಿನಲ್ಲಿ ಬರಲಿಲ್ಲ.

ಇದಕ್ಕೂ ಇಪ್ಪತ್ತು ವರ್ಷ ಮೊದಲು, 1988ರಲ್ಲಿ, ಮೀರಾ ನಾಯರ್ ‘ಸಲಾಮ್ ಬಾಂಬೆ’ ಮಾಡಿದ್ದರು. ಅದರಲ್ಲಿ ಚಾ ಹುಡುಗನಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ ಬೆಂಗಳೂರಿನ ಶಫೀಕ್ ಸೈಯದ್, ಮುಂದೆ ಬೆಂಗಳೂರಿನಲ್ಲೇ ಆಟೊ ಓಡಿಸಿ ಸಂಸಾರ ಸಾಕಿದರು. ಪ್ರಶಸ್ತಿ ಅವರ ಬದುಕನ್ನು ಬದಲಿಸಲಿಲ್ಲ. ಆದರೆ ಅದೇ ಚಿತ್ರದಿಂದ ಹುಟ್ಟಿದ ಸಲಾಮ್ ಬಾಲಕ್ ಟ್ರಸ್ಟ್ ಬೀದಿ ಮಕ್ಕಳಿಗಾಗಿ ದುಡಿಯುತ್ತಾ ಬಂದಿದೆ. ಸಿನಿಮಾ ಮುಗಿದ ಮೇಲೆ ಏನಾಯಿತು ಎಂದು ಕೇಳಿದರೆ ಸಿಗುವ ಉತ್ತರ ಹೀಗೆ ಮಿಶ್ರವಾಗಿಯೇ ಇರುತ್ತದೆ.

ಹಾಗಾದರೆ ಇಂಥ ಸಿನಿಮಾ ನೋಡಲೇಬಾರದೆ? ನೋಡಬೇಕು. ಅಳು ಬಂದರೆ ಅಳಬೇಕು, ಕುಣಿಯಬೇಕು ಅನಿಸಿದರೆ ಕುಣಿಯಬೇಕು. ಅದರಲ್ಲಿ ನಾಚಿಕೆಪಡುವುದೇನಿದೆ? ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಹೊರಗೆ ಬಂದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಬಡತನ ಯಾರು ಮಾಡಿದ್ದು ಎಂದು ಚಿತ್ರ ಹೇಳಿತೆ? ಗೆದ್ದವನ ಹಿಂದೆ ಉಳಿದವರು ಏನಾದರು? ನನ್ನ ಪಕ್ಕದ ಸೀಟಿನವರು ಯಾವ ದೃಶ್ಯಕ್ಕೆ ಎದ್ದು ಹೋದರು?

ಮೂರನೆಯ ಪ್ರಶ್ನೆಯನ್ನು ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಚಾಚಾ ಈಗಿಲ್ಲ. 1993ರ ಜನವರಿಯಲ್ಲಿ ಅವರು ಎಲ್ಲಿದ್ದರು, ಏನು ಕಂಡರು ಎಂದು ನನಗೆ ಇವತ್ತಿಗೂ ತಿಳಿಯದು. ‘ಅದು ಮುಗೀತೇನಪಾ’ ಎಂದಾಗ ಹೂಂ, ಮುಗೀತು ಅಂದಿದ್ದೆ. ದೃಶ್ಯ ಮುಗಿದಿತ್ತು, ಅದಕ್ಕೇ ಹಾಗಂದೆ.